ಪುರದ ಸಗಣಿ ಗ್ಯಾಸು

ಸಿಲಿಂಡರ್ ರೇಟು ಏರಿದಾಗೆಲ್ಲ ನಮ್ಮ ಕಡೆ ಯಾರಾದ್ರೂ ಗೋಬರ್ ಗ್ಯಾಸಿನ ಮಾತು ಎತ್ತೇ ಎತ್ತುತ್ತಾರೆ. ಈಗ ಅದರ ಜೊತೆಗೆ ಭೂಮಿ ಬಿಸಿಯಾಗೋದೂ ತಪ್ಪುತ್ತೆ ಅಂತಾರೆ. ಅದು ಅರ್ಧ ನಿಜ ಕಣ್ರಮ್ಮ. ಮಿಕ್ಕರ್ಧಕ್ಕೆ ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಹಳ್ಳಿಯ ಕತೆ ಕೇಳಬೇಕು.

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿ ಕೆಲಸಕ್ಕೆ ಅಂತ ‘ಅಸ್ತ್ರ’ ಕೇಂದ್ರ ಶುರು ಮಾಡಿದರು. ಅವರ ಕಡೆಯೋರು ಕುಣಿಗಲ್ ಸೀಮೇಲಿ ಮನೆಮನೆ ಲೆಕ್ಕ ತೆಗೆದರೆ, ಉರಿಯೋದ್ರಲ್ಲಿ ಬಹುಪಾಲು ಒಲೆ ಸೌದೆ. ಅದನ್ನ ಹೊತ್ತು ತರೋರು ಹೆಚ್ಚಾಗಿ ಹೆಂಗಸರು, ಮಕ್ಕಳು. ಲೆಕ್ಕ ಯಾಕೆ ಬೇಕಿತ್ತು, ನಮ್ಮನ್ನ ಕೇಳಿದ್ರೆ ಹೇಳ್ತಿದ್ವಿ!

ಪುರದಲ್ಲಿ ಊರಿಗೆಲ್ಲ ಸೇರಿ ಒಂದು ಗ್ಯಾಸ್ ಗುಂಡಿ ಮಾಡಿ ಅಡುಗೆಗೆ ಕೊಡೋಕೆ ನೋಡಿದರು. ನಡೀಲಿಲ್ಲ. ಅಂದುಕೊಂಡಷ್ಟು ಸಗಣಿ ಕೈಗೆ ಬರಲಿಲ್ಲ, ಎಲ್ಲ ಮನೆ ಒಲೆಗೂ ಗ್ಯಾಸು ಸಾಲಲಿಲ್ಲ. ನಮ್ಮ ನಾದಿನಿ ಎರಡೇ ಹಸು ಇಟ್ಕೊಂಡು 2 ಘನ ಮೀಟರ್ ಗುಂಡಿ ತೆಗೆಸೋಕೆ ಹೊರಟಿದಾಳೆ. ಅದಕ್ಕೆ ದಿನಾ ಸುಮಾರು 50 ಕಿಲೋ ಸಗಣಿ ಬೇಕು, ಎಲ್ಲಿಂದ ತರ್ತಾಳೋ.

ಆಮೇಲೆ 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ಬೋರ್‌ವೆಲ್ಲಿಂದ ನಲ್ಲಿ ನೀರು ಕೊಟ್ಟರು. ಇದು ಹಿಡೀತು. ಸಗಣಿ ತೂಕ ಹಾಕಿ, ತಂದೋರಿಗೆ ಕಿಲೋಗೆ 2 ಪೈಸೆ. ಗ್ಯಾಸು ತೆಗೆದ ಬಗ್ಗಡ ಗೊಬ್ಬರವಾಗಿ ಅವರವರಿಗೇ ವಾಪಸ್ಸು. ಡೀಸೆಲ್ ಮಾತ್ರ ಪೂರ್ತಿ ಬಿಡಲಿಲ್ಲ, ಎಂಜಿನ್ನಿಗೆ ಸ್ವಲ್ಪ ಬೇಕೇ ಬೇಕಿತ್ತು.

ಈಗ ಬಿಸಿಯ ಲೆಕ್ಕಕ್ಕೆ ಬರ್ತೀನಿ. ಸಗಣಿ ಆಗೋದು ಹುಲ್ಲಿಂದ. ಹುಲ್ಲು ಗಾಳಿಯಿಂದ ತಗೊಂಡ ಇಂಗಾಲವೇ ಉರಿದಾಗ ಗಾಳಿಗೆ ಹೋಗುತ್ತೆ, ಮುಂದಿನ ಹುಲ್ಲು ಅದನ್ನ ಮತ್ತೆ ಎಳಕೊಳ್ಳುತ್ತೆ. ಕಲ್ಲಿದ್ದಲು ಹಾಗಲ್ಲ, ನೆಲದಡಿ ಹೂತಿದ್ದನ್ನ ಎತ್ತಿ ಉರಿಸೋದು. ಆದರೆ ಗುಂಡೀಲಿ ಆಗೋದು ಮೀಥೇನು. ಉರಿಸದೆ ಸೋರಿದರೆ, ನೂರು ವರ್ಷದ ಲೆಕ್ಕದಲ್ಲಿ, ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಶಾಖ ಹಿಡಿಯುತ್ತೆ. ಸೋರೋ ಗುಂಡಿ ಇಟ್ಕೊಳ್ಳೋದಕ್ಕಿಂತ ಸಗಣೀನ ಬೆರಣಿ ತಟ್ಟೋದೇ ವಾಸಿ ಅನಿಸುತ್ತೆ ನನಗೆ, ಹೊಗೆ ಕುಡಿದು ಕೆಮ್ಮೋರು ನಾವೇ ಆದರೂ.

ಜಟ್ರೋಫಾ ಗಲಾಟೆ ನೆನಪಿದೆಯಲ್ಲ? 2009ರ ಕೇಂದ್ರದ ನೀತಿ 2017ಕ್ಕೆ ಡೀಸೆಲ್‌ಗೆ ನೂರಕ್ಕೆ 20 ಪಾಲು ಜೈವಿಕ ಎಣ್ಣೆ ಬೆರೆಸೋ ಗುರಿ ಇಟ್ಟಿತ್ತು. ಆಗಲಿಲ್ಲ. ಬೀಳು ಭೂಮೀಲಿ ನೀರಿಲ್ಲದೆ ಬೀಜ ಕಚ್ಚಲಿಲ್ಲ, ನೀರಿರೋ ಹೊಲಕ್ಕೆ ಹಾಕಿದ್ರೆ ರಾಗಿ ಎಲ್ಲಿ ಬೆಳೆಯೋದು?

ನಿಮ್ಮನೇಲಿ ಗುಂಡಿ ಇದ್ದರೆ ಪೈಪಿನ ಸಂದಿಗೆ ಸೋಪು ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಅಲ್ಲೇ ಸೋರ್ತಿದೆ. ಬೆಂಕಿಕಡ್ಡಿ ಗೀರಿ ಮಾತ್ರ ನೋಡಬೇಡಿ.