ಹನ್ನೆರಡು ಮಕ್ಕಳ ಶಾಲೆಯಲ್ಲಿ ಕಲಿಕೆಯ ಅಳತೆ

ಸಣ್ಣ ಶಾಲೆ ಎಂದರೆ

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ಒಳರಸ್ತೆಗಳಲ್ಲಿ, ಹಾಸನ ನಗರದ ಸುತ್ತಲ ಹಳ್ಳಿಗಳಲ್ಲೂ, ಒಂದೇ ಬಗೆಯ ಶಾಲೆ ಮತ್ತೆ ಮತ್ತೆ ಎದುರಾಗುತ್ತದೆ. ಒಂದರಿಂದ ಐದನೇ ತರಗತಿವರೆಗಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಎರಡು ಕೊಠಡಿ, ಒಂದು ಅಡುಗೆಮನೆ, ಒಬ್ಬರೋ ಇಬ್ಬರೋ ಶಿಕ್ಷಕರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಆದರೆ ಒಬ್ಬರಿಗೆ ವರ್ಗಾವಣೆಯಾದರೆ, ಅಥವಾ ನಿಯೋಜನೆ ಮೇಲೆ ಬೇರೆಡೆ ಹೋದರೆ, ಉಳಿದವರೇ ಹೆಡ್ಮೇಷ್ಟ್ರು, ಐದೂ ತರಗತಿಯ ಮೇಷ್ಟ್ರು, ಬಿಸಿಯೂಟದ ಲೆಕ್ಕ ಬರೆಯುವವರು. ಇಂಥ ಶಾಲೆಯಲ್ಲಿ ಪಾಠ ಚೆನ್ನಾಗಿ ನಡೆಯುತ್ತಿದೆಯೇ, ಮಕ್ಕಳು ಮುಂದೆ ಹೋಗುತ್ತಿದ್ದಾರೆಯೇ ಎಂದು ತಿಳಿಯುವುದು ಹೇಗೆ? ಊರಿನವರು ಕೇಳುವ ಪ್ರಶ್ನೆಯೂ ಇದೇ, ಇಲಾಖೆ ಕೇಳುವ ಪ್ರಶ್ನೆಯೂ ಇದೇ.

ಶೇಕಡಾವಾರು ಕೈಕೊಡುವ ಜಾಗ

2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ಜಿಲ್ಲೆ ಶೇ 89.33ರೊಂದಿಗೆ ರಾಜ್ಯಕ್ಕೇ ಮೊದಲು ಬಂತು. ಅದು ಸಾವಿರಾರು ಮಕ್ಕಳನ್ನು ಸೇರಿಸಿ ತೆಗೆದ ಲೆಕ್ಕ. ಅಷ್ಟು ದೊಡ್ಡ ಗುಂಪಿಗೆ ಶೇಕಡಾ ಒಪ್ಪುತ್ತದೆ. ಅದೇ ಅಳತೆಗೋಲನ್ನು ಹನ್ನೆರಡು ಮಕ್ಕಳ ಶಾಲೆಗೆ ಹಿಡಿದರೆ ಏನಾಗುತ್ತದೆ ನೋಡಿ. ಐದನೇ ತರಗತಿಯಲ್ಲಿ ನಾಲ್ಕೇ ಮಕ್ಕಳು. ಈ ವರ್ಷದ ನಾಲ್ವರೂ ತಡವರಿಸದೆ ಓದಿದರು: ಶೇ 100. ಮುಂದಿನ ವರ್ಷದ ನಾಲ್ವರಲ್ಲಿ ಒಬ್ಬಳು ಕಾಯಿಲೆಯಿಂದ ಎರಡು ತಿಂಗಳು ಬರಲಿಲ್ಲ, ಒಬ್ಬ ಬೇರೆ ಊರಿನಿಂದ ಅದೇ ಜೂನ್‌ನಲ್ಲಿ ಬಂದು ಸೇರಿದವನು: ಶೇ 50. ಮೇಷ್ಟ್ರು ಅವರೇ, ಪಾಠವೂ ಅದೇ. ಕಾಗದದ ಮೇಲೆ ಮಾತ್ರ ಶಾಲೆ ಅರ್ಧಕ್ಕರ್ಧ ಕುಸಿದಿದೆ.

ಇದು ಬರಿಯ ಊಹೆಯ ಉದಾಹರಣೆಯಲ್ಲ. ಅಮೆರಿಕದಲ್ಲಿ ಸಣ್ಣ ಶಾಲೆಗಳೇ ಮೇಲೆಂದು ನಂಬಿ ಗೇಟ್ಸ್ ಫೌಂಡೇಶನ್ ಭಾರಿ ಹಣ ಸುರಿದಿತ್ತು. ಸಂಖ್ಯಾಶಾಸ್ತ್ರಜ್ಞ ಹೋವರ್ಡ್ ವೇನರ್ ಪೆನ್ಸಿಲ್ವೇನಿಯಾದ ಶಾಲೆಗಳ ಅಂಕಗಳನ್ನು ಬಿಡಿಸಿ ನೋಡಿದಾಗ ಪಟ್ಟಿಯ ತಲೆಯಲ್ಲಿ ಸಣ್ಣ ಶಾಲೆಗಳು ಹೆಚ್ಚಿದ್ದವು, ಬುಡದಲ್ಲೂ ಅವೇ ಹೆಚ್ಚಿದ್ದವು. ಮಕ್ಕಳ ಸಂಖ್ಯೆ ಕಡಿಮೆ ಇದ್ದಷ್ಟೂ ಸರಾಸರಿ ತೂಗಾಡುತ್ತದೆ, ಅಷ್ಟೆ. ಹಾಗಾಗಿ ಒಂದು ವರ್ಷದ ಫಲಿತಾಂಶ ಹಿಡಿದು ಸಣ್ಣ ಶಾಲೆಯ ಶಿಕ್ಷಕರನ್ನು ಹೊಗಳುವುದೂ ತಪ್ಪು, ನೋಟಿಸ್ ಕೊಡುವುದೂ ತಪ್ಪು. ಇಲ್ಲಿ ಎಣಿಸಬೇಕಾದದ್ದು ಶೇಕಡಾ ಅಲ್ಲ, ಹೆಸರು. ಹನ್ನೆರಡು ಮಕ್ಕಳೆಂದರೆ ಹನ್ನೆರಡು ಕಥೆ. ಅಷ್ಟನ್ನೂ ಒಂದೇ ಬೆಳಗಿನಲ್ಲಿ ಕೂತು ಕೇಳಬಹುದು. ದೊಡ್ಡ ಶಾಲೆಗೆ ಸಿಗದ ಅನುಕೂಲ ಇದು.

ಮಗು ಎಲ್ಲಿಂದ ಹೊರಟಿತು: ಸೇತುಬಂಧ

ಪ್ರಗತಿ ಎನ್ನಬೇಕಾದರೆ ಹೊರಟ ಜಾಗ ಗೊತ್ತಿರಬೇಕು. ಕರ್ನಾಟಕದ ಶಾಲೆಗಳಲ್ಲಿ ವರ್ಷದ ಮೊದಲ ವಾರಗಳಲ್ಲಿ ಸೇತುಬಂಧ ನಡೆಯುತ್ತದೆ. ಹಿಂದಿನ ತರಗತಿಯ ಸಾಮರ್ಥ್ಯಗಳ ಮೇಲೆ ಪೂರ್ವ ಪರೀಕ್ಷೆ, ಬಾರದ್ದನ್ನು ಮತ್ತೆ ಹೇಳಿಕೊಡುವ ಪಾಠ, ಕೊನೆಗೆ ಸಾಫಲ್ಯ ಪರೀಕ್ಷೆ. ಈ ಪೂರ್ವ ಪರೀಕ್ಷೆಯ ಹಾಳೆಯಷ್ಟು ಬೆಲೆಯುಳ್ಳ ಕಾಗದ ಶಾಲೆಯಲ್ಲಿ ಮತ್ತೊಂದಿಲ್ಲ. ಅದನ್ನು ಕಡತಕ್ಕೆ ಸೇರಿಸಿ ಬೀರುವಿನಲ್ಲಿಟ್ಟರೆ ಅರ್ಧ ವರ್ಷದ ಅಳತೆ ಅಲ್ಲೇ ಕಳೆದುಹೋಗುತ್ತದೆ. ಜೂನ್‌ನ ಹಾಳೆ, ಅಕ್ಟೋಬರ್‌ನ ಹಾಳೆ, ಮಾರ್ಚ್‌ನ ಹಾಳೆ, ಮೂರನ್ನೂ ಒಂದೇ ಮಗುವಿನ ಹೆಸರಿನಲ್ಲಿ ಒಟ್ಟಿಗೆ ಪೋಣಿಸಿಟ್ಟರೆ, ನೋಡಿದವರಿಗೆ ಮತ್ತೆ ವಿವರಣೆ ಬೇಕಾಗುವುದಿಲ್ಲ.

ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಲ್ಲಿ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ಅಂಕ ಸೇರಿ ಶ್ರೇಣಿ ಬರುತ್ತದೆ. 90ಕ್ಕೆ ಮೇಲೆ ಎ ಪ್ಲಸ್, 70ರಿಂದ ಎ, 50ರಿಂದ ಬಿ ಪ್ಲಸ್, 30ರಿಂದ ಬಿ, ಅದಕ್ಕಿಂತ ಕೆಳಗೆ ಸಿ. ಶ್ರೇಣಿ ಹೇಳದೆ ಬಿಡುವ ಸಂಗತಿಗಳೂ ಇವೆ. 51ರಿಂದ 68ಕ್ಕೆ ಏರಿದ ಹುಡುಗಿ ಆಗಲೂ ಬಿ ಪ್ಲಸ್, ಈಗಲೂ ಬಿ ಪ್ಲಸ್. 69ರಿಂದ 70ಕ್ಕೆ ಬಂದ ಹುಡುಗ ಮಾತ್ರ ಎ. ವರ್ಷವಿಡೀ ಹೆಚ್ಚು ಕಲಿತವರು ಯಾರು ಎಂಬುದನ್ನು ಪ್ರಗತಿ ಪತ್ರ ಮುಚ್ಚಿಟ್ಟಿದೆ.

ನಲಿ-ಕಲಿಯ ಏಣಿ

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಂದಿಗೆ ಕಟ್ಟಿದ್ದು ನಲಿ-ಕಲಿ. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೊಠಡಿಯಲ್ಲಿ ಕೂರುವ ಈ ಪದ್ಧತಿ ಸಣ್ಣ ಶಾಲೆಗೆ ಹೇಳಿ ಮಾಡಿಸಿದಂತಿದೆ. ಪಾಠಗಳ ಬದಲು ಮೈಲಿಗಲ್ಲುಗಳಿರುವ ಕಲಿಕಾ ಏಣಿ. ಆ ಏಣಿಯನ್ನು ಪ್ರತಿ ಮಗುವೂ ತನ್ನ ವೇಗದಲ್ಲಿ ಏರುತ್ತದೆ. ಕೂರುವುದು ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ: ಶಿಕ್ಷಕರ ಸಂಪೂರ್ಣ ಸಹಾಯ ಬೇಕಾದವರದು ಒಂದು ತಟ್ಟೆ, ಭಾಗಶಃ ಸಹಾಯದವರದು ಇನ್ನೊಂದು, ಸಹಪಾಠಿಗಳ ನೆರವಿನಲ್ಲಿ ಕಲಿಯುವವರದು ಎರಡು, ತಾವೇ ಕಲಿಯುವವರದು ಕೊನೆಯದು. ಯಾರು ಎಲ್ಲಿಗೆ ಮುಟ್ಟಿದ್ದಾರೆ ಎಂಬುದು ‘ಪ್ರಗತಿ ನೋಟ’ ಎಂಬ ಪಟ್ಟಿಯಲ್ಲಿ ಗುರುತಾಗುತ್ತದೆ.

ಪರಿಶೀಲಿಸುವವರು ಪ್ರಗತಿ ನೋಟದ ಮೇಲೆ ಸುಮ್ಮನೆ ಕಣ್ಣಾಡಿಸಿ ಮುಂದೆ ಹೋಗಬಾರದು. ಒಂದು ಮಗುವಿಗೆ ಗುರುತು ಹಾಕಿದ ಮೂರು ಮೈಲಿಗಲ್ಲುಗಳನ್ನು ಆರಿಸಿ, ಅವುಗಳ ಕಲಿಕಾ ಕಾರ್ಡುಗಳನ್ನೇ ಮಗುವಿನ ಕೈಗೆ ಕೊಟ್ಟು ಮಾಡಿಸಬೇಕು. ಮೂರೂ ಬಂದರೆ ದಾಖಲೆ ನಿಜ. ಒಂದೂ ಬರದಿದ್ದರೆ ಸಮಸ್ಯೆ ಮಗುವಿನದಲ್ಲ. ಇನ್ನೊಂದು ಸೂಚನೆಯೂ ಇದೆ: ಒಂದೇ ಮಗು ತಿಂಗಳುಗಟ್ಟಲೆ ಮೊದಲ ತಟ್ಟೆಯಲ್ಲೇ ಕೂತಿದ್ದರೆ ಅದಕ್ಕೆ ಕಣ್ಣು ಕಾಣುತ್ತದೆಯೇ, ಕಿವಿ ಕೇಳುತ್ತದೆಯೇ ಎಂದು ಮೊದಲು ವಿಚಾರಿಸಬೇಕು.

ಮನೆಯಲ್ಲಿ ನಡೆಯುವ ಒಂದು ಎಡವಟ್ಟನ್ನು ಇಲ್ಲೇ ಹೇಳಿಬಿಡಬೇಕು. ಒಂದನೇ ತರಗತಿಯ ಮಗುವನ್ನು ಅಜ್ಜ ಕೂರಿಸಿಕೊಂಡು ‘ಅ ಆ ಇ ಈ ಹೇಳು’ ಎನ್ನುತ್ತಾರೆ. ಮಗು ತಬ್ಬಿಬ್ಬಾಗುತ್ತದೆ. ‘ಏನೂ ಕಲಿಸಿಲ್ಲ’ ಎಂಬ ತೀರ್ಪು ಅಲ್ಲೇ ಹೊರಬೀಳುತ್ತದೆ. ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದು ವರ್ಣಮಾಲೆಯ ಕ್ರಮದಲ್ಲಲ್ಲ. ರ, ಗ, ಸ, ದ, ಅ ಎಂದು. ಐದೇ ಅಕ್ಷರಕ್ಕೆ ಮಗು ಸರ, ಅರಸ, ಗರಗಸ, ದಸರ ಓದುತ್ತದೆ. ಅಜ್ಜ ‘ಗರಗಸ’ ಎಂದು ಬರೆದು ತೋರಿಸಿದ್ದರೆ ಮೊಮ್ಮಗಳು ಓದಿಬಿಡುತ್ತಿದ್ದಳು.

ಓದಿಸಿ ನೋಡುವುದು

ಓದಿನ ಮಟ್ಟ ತಿಳಿಯಲು ಬೆಲೆಬಾಳುವ ಸಾಧನ ಬೇಕಿಲ್ಲ. 2005ರಿಂದ ಗ್ರಾಮೀಣ ಭಾರತದಲ್ಲಿ ಮನೆಮನೆಗೆ ಹೋಗಿ ನಡೆಸುವ ‘ಅಸರ್’ ಸಮೀಕ್ಷೆಯಲ್ಲಿ ಬಳಸುವುದು ಒಂದು ಹಾಳೆ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಸಣ್ಣ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಅಂಥದ್ದನ್ನು ಮೇಷ್ಟ್ರೇ ಬರೆದುಕೊಳ್ಳಬಹುದು. ಮಗುವನ್ನು ಒಬ್ಬೊಬ್ಬರಾಗಿ, ಮರದ ಕೆಳಗೆ, ಬೇರೆ ಮಕ್ಕಳ ಕಿವಿಗೆ ಬೀಳದಂತೆ ಓದಿಸಬೇಕು. ಒಬ್ಬರಾದ ಮೇಲೆ ಒಬ್ಬರು ಅದೇ ಪಾಠ ಓದಿದರೆ ಮೂರನೆಯ ಮಗು ಓದುತ್ತಿದೆಯೋ, ಕೇಳಿದ್ದನ್ನು ಒಪ್ಪಿಸುತ್ತಿದೆಯೋ ತಿಳಿಯುವುದಿಲ್ಲ. ಇಂಗ್ಲೆಂಡಿನಲ್ಲಿ 1862ರಿಂದ ಮಕ್ಕಳ ಪರೀಕ್ಷೆಯ ಫಲಿತಾಂಶ ನೋಡಿ ಶಾಲೆಗೆ ಹಣ ಕೊಡುವ ನಿಯಮವಿತ್ತು. ಮಕ್ಕಳಿಗೆ ಇಡೀ ವಾಚಕವನ್ನೇ ಬಾಯಿಪಾಠ ಮಾಡಿಸುವುದು ಆಗ ರೂಢಿಯಾಯಿತು. ಶತಮಾನ ಮುಗಿಯುವ ಮೊದಲೇ ಆ ಪದ್ಧತಿಯನ್ನು ಕೈಬಿಟ್ಟರು.

ಹಾಸನದ ಕಡೆ ಓದಿಸುವಾಗ ಇನ್ನೊಂದು ಎಚ್ಚರ ಬೇಕು. ಮಗು ‘ಹಾಲು’ ಎಂದು ಬರೆದದ್ದನ್ನು ‘ಆಲು’ ಎಂದು, ‘ಹಸು’ವನ್ನು ‘ಅಸು’ ಎಂದು ಓದಬಹುದು. ಅದು ಓದಿನ ತಪ್ಪಲ್ಲ, ಮನೆಮಾತು. ‘ಹಕ್ಕಿ’ಯನ್ನು ‘ಅಕ್ಕಿ’ ಎಂದು ಓದಿದ ಹುಡುಗನನ್ನು ‘ಅದು ಹಾರ್ತದೋ ಬೇಯ್ತದೋ?’ ಎಂದು ಕೇಳಿ ನೋಡಿ. ‘ಆರ್ತದೆ’ ಎಂದರೆ ಅವನಿಗೆ ಓದಲು ಬಂದಿದೆ. ಹೊರಗಿನಿಂದ ಬಂದ ಪರೀಕ್ಷಕರು ಇಲ್ಲಿ ಅಂಕ ಕಡಿದರೆ ಅದು ಅನ್ಯಾಯ. ಹಕಾರವನ್ನು ಬರಹದಲ್ಲಿ ತಿದ್ದಬಹುದು, ನಿಧಾನವಾಗಿ, ಮಗುವಿನ ಮಾತನ್ನು ಆಡಿಕೊಳ್ಳದೆ. ನಿಜವಾದ ತೊಡಕು ಎಲ್ಲಿದೆ ಎಂದರೆ ಒತ್ತಕ್ಷರದಲ್ಲಿ. ‘ಅಮ್ಮ’, ‘ಅಕ್ಕ’ ಸಲೀಸು. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಬಂದಾಗ ನಾಲ್ಕನೇ ತರಗತಿಯವರೂ ನಿಲ್ಲುತ್ತಾರೆ. ನಿಂತ ಜಾಗವನ್ನು ಬರೆದುಕೊಳ್ಳಬೇಕು.

ತಪ್ಪಿನೊಳಗಿನ ಲೆಕ್ಕ

52ರಲ್ಲಿ 27 ಕಳೆದರೆ 35 ಎಂದು ಮೂರು ಮಕ್ಕಳು ಬರೆದಿದ್ದಾರೆ ಎಂದುಕೊಳ್ಳಿ. ಮೂವರಿಗೂ ಸೊನ್ನೆ ಕೊಟ್ಟರೆ ಏನೂ ತಿಳಿಯಲಿಲ್ಲ. ಅವರು ಬಿಡಿ ಸ್ಥಾನದಲ್ಲಿ ಏಳರಿಂದ ಎರಡನ್ನು ಕಳೆದಿದ್ದಾರೆ: ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯುವುದೆಂದು ತಮ್ಮಷ್ಟಕ್ಕೆ ನಿಯಮ ಮಾಡಿಕೊಂಡಿದ್ದಾರೆ. ದಶಕ ಪಡೆದು ಅದನ್ನು ಹತ್ತು ಬಿಡಿಗಳಾಗಿ ಬಿಡಿಸುವುದು ಅವರಿಗೆ ಅರ್ಥವಾಗಿಲ್ಲ. ಕಡ್ಡಿ ಕಂತೆ ತಂದು ಬಿಚ್ಚಿಸಿದರೆ ಒಂದೇ ದಿನದಲ್ಲಿ ಹಾದಿಗೆ ಬರಬಹುದು. ನೋಟ್‌ಬುಕ್‌ನಲ್ಲಿ ಬರೀ ಕೆಂಪು ಇಂಟು ಮತ್ತು ಸಹಿ ಇದೆಯೋ, ‘ಹೇಗೆ ಮಾಡಿದೆ, ತೋರಿಸು’ ಎಂದು ಕೇಳಿದ ಗುರುತು ಇದೆಯೋ ಎನ್ನುವುದರಲ್ಲಿ ಬೋಧನೆಯ ಗುಣ ಕಾಣುತ್ತದೆ. ನನ್ನನ್ನು ಕೇಳಿದರೆ, ಪಾಠ ಯೋಜನೆಯ ಪುಸ್ತಕಕ್ಕಿಂತ ಮಕ್ಕಳ ಹತ್ತು ನೋಟ್‌ಬುಕ್ ಹೆಚ್ಚು ಮಾತಾಡುತ್ತವೆ.

ಬೋಧನೆಯನ್ನು ನೋಡುವವರು

ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ತಾಲ್ಲೂಕಿನ ಸಂಪನ್ಮೂಲ ಕೇಂದ್ರ (ಬಿಆರ್‌ಸಿ) ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇವರೆಲ್ಲರ ಭೇಟಿ ಸಂದರ್ಶನ ಪುಸ್ತಕದಲ್ಲಿ ದಾಖಲಾಗುತ್ತದೆ. ಬಂದವರು ಕಡತ ಕೇಳುವ ಮೊದಲು ಹಿಂದಿನ ಬೆಂಚಿನ ಪಕ್ಕ ನಲವತ್ತು ನಿಮಿಷ ಕೂರಬೇಕು. ಮಾತಾಡಿದ್ದು ಹೆಚ್ಚಾಗಿ ಯಾರು, ಮಕ್ಕಳೋ ಮೇಷ್ಟ್ರೋ? ಪ್ರಶ್ನೆ ಹೋದದ್ದು ಆ ಇಬ್ಬರು ಜಾಣರಿಗೇನಾ? ಒಂದು ತರಗತಿಗೆ ಪಾಠ ನಡೆಯುವಾಗ ಉಳಿದ ನಾಲ್ಕು ತರಗತಿಯವರಿಗೆ ಮಾಡಲು ಅರ್ಥವಿರುವ ಕೆಲಸವಿತ್ತೇ, ಅಥವಾ ಪಠ್ಯ ನಕಲು ಮಾಡುತ್ತಿದ್ದರೇ? ಏಕೋಪಾಧ್ಯಾಯ ಶಾಲೆಯಲ್ಲಿ ಈ ಕೊನೆಯ ಪ್ರಶ್ನೆಯೇ ಮುಖ್ಯ, ಇದಕ್ಕೆ ಒಳ್ಳೆಯ ಉತ್ತರ ಕೊಡುವ ಶಿಕ್ಷಕರು ಬಹುದೊಡ್ಡ ಕೆಲಸ ಮಾಡುತ್ತಿದ್ದಾರೆ.

2015ರಲ್ಲಿ ಆರಂಭವಾದ ‘ಶಾಲಾ ಸಿದ್ಧಿ’ ಏಳು ಕ್ಷೇತ್ರಗಳಲ್ಲಿ ಶಾಲೆಯೇ ತನ್ನನ್ನು ಅಳೆದುಕೊಳ್ಳುವ ಚೌಕಟ್ಟು. ಅದು ಒಳ್ಳೆಯ ಕನ್ನಡಿ, ಆದರೆ ಒಬ್ಬರೇ ಶಿಕ್ಷಕರು ಅದನ್ನು ತುಂಬಲು ಕೂತಾಗ ತರಗತಿ ಖಾಲಿ ಬಿದ್ದಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಜರಿ ಪುಸ್ತಕ ಮತ್ತು ಬೆಳೆ

ಐದನೇ ತರಗತಿವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ನಡೆಯಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ತರಬೇತಿ, ಸಭೆ, ಚುನಾವಣೆ, ಗಣತಿ ಕೆಲಸ ಕಳೆದು ನಿಜಕ್ಕೂ ನಡೆದದ್ದೆಷ್ಟು ಎಂದು ಎಣಿಸಿ ಬರೆದಿಟ್ಟರೆ ಮೇಷ್ಟ್ರಿಗೂ ರಕ್ಷಣೆ. ಮಕ್ಕಳ ಹಾಜರಿಯನ್ನು ಹೊಲದ ಪಕ್ಕದಲ್ಲಿಟ್ಟು ಓದಬೇಕು: ಹಾಸನದ ಕಡೆ ಆಲೂಗಡ್ಡೆ ಕೀಳುವ ದಿನ, ಅರಕಲಗೂಡಿನ ರಾಮನಾಥಪುರ ಸೀಮೆಯಲ್ಲಿ ಹೊಗೆಸೊಪ್ಪನ್ನು ಹದ ಮಾಡುವ ಬ್ಯಾರನ್‌ಗೆ ಏರಿಸುವ ದಿನ, ಚನ್ನರಾಯಪಟ್ಟಣದಲ್ಲಿ ರಾಗಿ ಕೊಯ್ಲು. ಅಪ್ಪ ಅಮ್ಮ ಹೊಲಕ್ಕೆ ಹೋದಾಗ ತಮ್ಮನನ್ನು ನೋಡಿಕೊಳ್ಳಲು ಉಳಿದ ಹುಡುಗಿಯ ಕಲಿಕೆ ಹಿಂದೆ ಬಿದ್ದರೆ ಅದು ಪಾಠದ ದೋಷವಲ್ಲ. ಅವಳಿಗೆ ಮರಳಿದ ವಾರ ಪರಿಹಾರ ಬೋಧನೆ ಸಿಗದಿದ್ದರೆ ದೋಷ.

ಹೊರಗಿನ ಪರೀಕ್ಷೆಗಳು

2021ರ ನವೆಂಬರ್ 12ರ ರಾಷ್ಟ್ರೀಯ ಸಾಧನಾ ಸಮೀಕ್ಷೆ, 2024ರ ಡಿಸೆಂಬರ್ 4ರ ‘ಪರಖ್’ ಸಮೀಕ್ಷೆ, ಇವು ಮಾದರಿ ಶಾಲೆಗಳನ್ನು ಆರಿಸಿ ಜಿಲ್ಲೆಯ ಚಿತ್ರ ಕೊಡುತ್ತವೆ. ನಿಮ್ಮೂರ ಶಾಲೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. 2023ರ ಮಾರ್ಚ್‌ನಲ್ಲಿ 5 ಮತ್ತು 8ನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆಯಿತು. ಮರುವರ್ಷ ಅದೇ ಪ್ರಯತ್ನ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ಮುಟ್ಟಿ, 2024ರ ಏಪ್ರಿಲ್‌ನಲ್ಲಿ ಫಲಿತಾಂಶಕ್ಕೇ ತಡೆ ಬಿತ್ತು. ಹತ್ತು ವರ್ಷದ ಮಕ್ಕಳು ಬರೆದ ಪರೀಕ್ಷೆಯ ಫಲ ತಿಳಿಯದೆ ಕಾಯುವಂತಾದದ್ದು ನೋವಿನ ಸಂಗತಿ.

ಊರಿನವರ ಪಾಲು

ಕರ್ನಾಟಕದಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) 2001ರಿಂದ ಇದೆ. ಕಟ್ಟಡ, ಶೌಚಾಲಯ, ಕಾಂಪೌಂಡಿನ ಮಾತು ಅಲ್ಲಿ ಬೇಗ ಬರುತ್ತದೆ, ಕಲಿಕೆಯ ಮಾತು ತಡವಾಗಿ. ‘ನಾವು ಓದಿದವರಲ್ಲ, ನಮಗೇನು ಗೊತ್ತಾಗುತ್ತೆ’ ಎನ್ನುವ ಸಂಕೋಚ ತಾಯಂದಿರದು. ಮಕ್ಕಳ ಪ್ರಗತಿಯನ್ನು ಪೋಷಕರ ಮುಂದಿಡಲೆಂದೇ ನಡೆಸುವ ‘ಸಮುದಾಯದತ್ತ ಶಾಲೆ’ಯ ದಿನ ಆ ತಾಯಿ ಡೇರಿಗೆ ಹಾಲು ಹಾಕಿದ ಚೀಟಿಯನ್ನು ತರಲಿ. ಅದರಲ್ಲಿ ಲೀಟರ್ ಇದೆ, ಫ್ಯಾಟ್ ಇದೆ, ದರವಿದೆ, ಎಲ್ಲವೂ ದಶಮಾಂಶದಲ್ಲಿ. ಐದನೇ ತರಗತಿಯ ಮಗ ನಾಲ್ಕೂವರೆ ಲೀಟರಿಗೆ ಎಷ್ಟಾಯಿತೆಂದು ಕಪ್ಪುಹಲಗೆಯ ಮೇಲೆ ಗುಣಿಸಲಿ. ಉತ್ತರ ಸರಿಯೋ ತಪ್ಪೋ ಎಂದು ಆ ತಾಯಿ ಮೇಷ್ಟ್ರನ್ನು ಕೇಳಬೇಕಾಗಿಲ್ಲ. ಬೆಳಿಗ್ಗೆ ಡೇರಿಯಲ್ಲಿ ಬರೆದುಕೊಟ್ಟ ಮೊತ್ತ ಅವಳಿಗೆ ಬಾಯಲ್ಲೇ ಇದೆ.