ಮುಡಿಯ ಕಾಮಕಸ್ತೂರಿ, ಒರಳಿನ ಕಾಮಕಸ್ತೂರಿ

ಕನಕಾಂಬರದ ನಡುವೆ ಹಸಿರೆಲೆ ಸೇರಿಸಿ ಕಟ್ಟಿದ ಒಂದು ಮೊಳ ಹೂವನ್ನು ಕೋಲಾರದ ಹೂವಿನಂಗಡಿಯಲ್ಲಿ ಕೊಂಡು ಮುಡಿದವರಿಗೆ ಪೆಸ್ಟೊದ ವಾಸನೆ ಹೊಸದಲ್ಲ. ಆ ಎಲೆ ಕಾಮಕಸ್ತೂರಿ. ಇಟಲಿಯ ಜಿನೋವಾದವರು ಬೆಸಿಲ್ ಎಂದು ಒರಳಿಗೆ ಹಾಕುವುದೂ ಇದೇ ಜಾತಿಯ ಗಿಡವನ್ನು. ಅವರು ಅರೆದು ತಿಂದರು, ನಾವು ಮುಡಿದೆವು. ಬೀಜವನ್ನಷ್ಟೇ ನೆನೆಸಿ ಪಾನಕಕ್ಕೆ ಹಾಕಿಕೊಂಡೆವು.

ಪೆಸ್ಟೊ ಎಂದರೆ ಕುಟ್ಟಿದ್ದು ಎಂದಷ್ಟೇ ಅರ್ಥ. ಅಮೃತಶಿಲೆಯ ಒರಳು, ಮರದ ಗುಂಡು, ಬೆಳ್ಳುಳ್ಳಿ, ಎಲೆ, ಪೈನ್ ಬೀಜ, ಚೀಸು, ಆಲಿವ್ ಎಣ್ಣೆ. ಜಿಯೊವಾನಿ ಬಟ್ಟಿಸ್ಟಾ ರಾಟ್ಟೊ 1863ರಲ್ಲಿ ಹೊರತಂದ ಜಿನೋವಾ ಅಡುಗೆ ಪುಸ್ತಕದಲ್ಲಿ ಇದರ ಹಳೆಯ ಲಿಖಿತ ರೂಪಗಳಲ್ಲೊಂದು ಸಿಗುತ್ತದೆ. ಬೆಸಿಲ್ ಇಲ್ಲದಿದ್ದರೆ ಮಾರ್ಜೊರಮ್ ಹಾಕಿ ಎನ್ನುತ್ತದೆ ಆ ಪುಸ್ತಕ. ಮಾರ್ಜೊರಮ್ ಅಂದರೆ ನಮ್ಮ ಮರುಗ! ಅದೂ ಮಾಲೆಯೊಳಗೇ ಇದೆ.

ಹಾಗಂತ ಈ ಸೀಮೆಯಲ್ಲಿ ಕುಟ್ಟುವುದು ಕಡಿಮೆಯಿತ್ತೆಂದಲ್ಲ. ಮುದ್ದೆ ಇದ್ದ ಮನೆಯಲ್ಲಿ ಒರಳು ಇರಲೇಬೇಕು. ಉಪ್ಸಾರಿಗೆ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಯ ಖಾರ; ಹುರಿದ ಹುಚ್ಚೆಳ್ಳಿನ ಚಟ್ನಿ; ಮುಳಬಾಗಿಲು, ಶ್ರೀನಿವಾಸಪುರ ದಾಟಿ ಚಿತ್ತೂರಿನ ಕಡೆ ಹೋದರೆ ಸಂಗಟಿ ಎನ್ನುವ ಅಲ್ಲಿನ ಮುದ್ದೆಯ ಪಕ್ಕದಲ್ಲಿ ಕಡಲೆಕಾಯಿ ಬೀಜದ ಊರಿಬಿಂಡಿ. ಬೀಜ, ಬೆಳ್ಳುಳ್ಳಿ, ಉಪ್ಪು ಎಲ್ಲ ಕಡೆಯೂ ಒಂದೇ. ಆದರೆ ಹೊಲದ ಬದುವಿನಿಂದ ಕಿತ್ತು ತಂದ ಬೆರಕೆ ಸೊಪ್ಪನ್ನು ನಾವು ಬೇಯಿಸಿಯೇ ಮಸೆಯುತ್ತೇವೆ. ಹಸಿಯಾಗಿ ಅರೆಯುವ ಭಾಗ್ಯ ಕೊತ್ತಂಬರಿ, ಪುದೀನಕ್ಕೆ ಮಾತ್ರ.

1960ರ ದಶಕದಲ್ಲಿ ಸುಮೀತ್ ಮಿಕ್ಸಿ ಬಂತು, ನಿಧಾನವಾಗಿ ಒರಳು ಹಿತ್ತಲು ಸೇರಿತು. ಚಟ್ನಿ ಇದನ್ನು ಹೇಗೋ ತಾಳಿಕೊಂಡಿತು, ಪೆಸ್ಟೊ ತಾಳಿಕೊಳ್ಳುವುದಿಲ್ಲ. ಬ್ಲೇಡಿನ ಬಿಸಿಗೆ, ಗಾಳಿಗೆ ಎಲೆ ಕಪ್ಪಾಗುತ್ತದೆ. ಜಾರನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಬಿಟ್ಟು ಬಿಟ್ಟು ತಿರುಗಿಸಬೇಕು.

ಇನ್ನು ಪೆಸ್ಟೊ ಕಲಸುವ ಹಿಟ್ಟಿನ ಎಳೆ. ಒತ್ತು ಶಾವಿಗೆಯ ಒರಳು ನಮ್ಮ ಅಟ್ಟದ ಮೇಲೆ ಮೊದಲಿಂದ ಇತ್ತು. ಮ್ಯಾಗಿ ಭಾರತಕ್ಕೆ ಬಂದದ್ದು 1983ರಲ್ಲಿ. ಪಾಸ್ತಾ ಅದರ ಬೆನ್ನಿಗೆ ನಿಧಾನವಾಗಿ ಬಂತು. ತಮಾಷೆಯೆಂದರೆ, ಹಿಂದೆ ಕೆಜಿಎಫ್ ಚಿನ್ನದ ಗಣಿಗಳಲ್ಲಿ ಇಂಗ್ಲಿಷರ ಜೊತೆ ಇಟಲಿಯ ಗಣಿಗಾರರೂ ಇದ್ದರು. ಪೆಸ್ಟೊ ನಮ್ಮ ಮನೆಗೆ ಬಂದದ್ದು ಆ ದಾರಿಯಲ್ಲಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಸಂಜೆ ರೈಲಿಗೆ ಮಾಲೂರಿನಲ್ಲಿ ಇಳಿಯುವ ಅತ್ತಿಗೆಯ ಚೀಲದಲ್ಲಿ, ಸಣ್ಣದೊಂದು ಬಾಟಲಿಯಾಗಿ ಬಂತು.

ಬಾಟಲಿಯದು ಉಪ್ಪು ಜಾಸ್ತಿ, ಎಲೆ ಕಡಿಮೆ. ಅದಕ್ಕೇ ಕುಂಡದ ಕಾಮಕಸ್ತೂರಿ ಕಿತ್ತೆವು. ನಾಟಿ ಎಲೆ ಸ್ವಲ್ಪ ಘಾಟು, ಹಾಗಾಗಿ ಅರ್ಧ ಕೊತ್ತಂಬರಿ ಸೇರಿಸಿದೆವು. ದುಬಾರಿ ಪೈನ್ ಬೀಜದ ಬದಲು ಹುರಿದು ಸಿಪ್ಪೆ ಹಾರಿಸಿದ ಕಡಲೆಕಾಯಿ ಬೀಜ. ಮೊದಲು ಬೆಳ್ಳುಳ್ಳಿ, ಹರಳುಪ್ಪು, ಆಮೇಲೆ ಎಲೆ, ಎಣ್ಣೆ ಕೊನೆಗೆ. ಆಲಿವ್ ಎಣ್ಣೆಗೆ ನಾನು ಬದಲಿ ಹುಡುಕಲಾರೆ, ಕಡಲೆಕಾಯಿ ಎಣ್ಣೆ ಹಾಕಿದರೆ ಅದು ಚಟ್ನಿಯೇ. ಬಸಿದ ಪಾಸ್ತಾಕ್ಕೆ ಒಲೆಯಿಂದ ಇಳಿಸಿದ ಮೇಲೆ ಕಲಸಬೇಕು, ಅದನ್ನು ಬೇಯಿಸಿದ ಗಂಜಿನೀರು ಎರಡು ಸೌಟು ಬಿದ್ದರೆ ಎಳೆಗೆ ಹಿಡಿಯುತ್ತದೆ. ಜಿನೋವಾದವರು ಜೊತೆಗೆ ಆಲೂಗಡ್ಡೆ, ಹುರುಳಿಕಾಯಿ ಬೇಯಿಸಿ ಹಾಕುತ್ತಾರೆ. ಎರಡೂ ನಮ್ಮ ಸಂತೆಯ ಮಾಲೇ.

"ಒಗ್ಗರಣೆನೇ ಇಲ್ವಲ್ಲೋ" ಅಂದರು ಅಮ್ಮ. ಒಗ್ಗರಣೆ ಹಾಕಿದರೆ ಎಲೆಯ ಪರಿಮಳ ಹಾರಿಹೋಗುತ್ತದೆ ಎಂದರೂ ನಂಬಲಿಲ್ಲ. ರಾಗಿ ಶಾವಿಗೆಗೆ ಕಲಸಿಕೊಟ್ಟಾಗ ಮಾತ್ರ ಎರಡನೇ ಸಲ ಬಡಿಸಿಕೊಂಡರು. ಮುಳಬಾಗಿಲು ದೋಸೆಗೂ ಬಳಿದು ನೋಡಿದೆ. ಆ ದೋಸೆಗೆ ಇದರ ಹಂಗು ಬೇಡ.

ತೆನೆ ಬಿಟ್ಟ ಮೇಲೆ ಎಲೆ ಕಹಿ, ಒರಳಿಗೆ ಆಗದು. ಆಗ ಅಮ್ಮ ಆ ತೆನೆಗಳನ್ನು ಮುರಿದು ಕನಕಾಂಬರದ ಜೊತೆ ಕಟ್ಟಲು ಕೂರುತ್ತಾರೆ.