ಹುಲ್ಲಿಗೆ ಬೆಲ್ಲದ ಹಂಗು

ಪುಣೆ ಜಿಲ್ಲೆಯ ಮೇವಿನ ಚರಿತ್ರೆಯನ್ನು ಅರಿಯಬೇಕಾದರೆ ಮೊದಲು ಅಲ್ಲಿನ ಮಳೆಯ ಲೆಕ್ಕವನ್ನು ನೋಡಬೇಕು. ಪಶ್ಚಿಮದ ಮಾವಳ ಸೀಮೆಯಲ್ಲಿ, ಲೋಣಾವಳದ ಘಟ್ಟದ ನೆತ್ತಿಯ ಮೇಲೆ ವರ್ಷಕ್ಕೆ 4,000 ಮಿಲಿಮೀಟರಿನಷ್ಟು ಸುರಿಯುವ ಮಳೆ, ಪುಣೆ ನಗರಕ್ಕೆ ಬರುವಷ್ಟರಲ್ಲಿ 700ರ ಆಸುಪಾಸಿಗೆ ಇಳಿದು, ಪೂರ್ವದ ಬಾರಾಮತಿ, ಇಂದಾಪುರಗಳಲ್ಲಿ 500ರ ಸುತ್ತ ನಿಂತುಬಿಡುತ್ತದೆ. ಹೀಗಾಗಿ ಹುಲ್ಲು ಹುಲುಸಾಗಿ ಬೆಳೆಯುವ ಕಡೆ ಅದನ್ನು ಒಣಗಿಸಲು ಬಿಸಿಲಿಲ್ಲ, ಬಿಸಿಲು ಧಾರಾಳವಾಗಿರುವ ಕಡೆ ಒಣಗಿಸಲು ಹುಲ್ಲಿಲ್ಲ. ಘಟ್ಟದಂಚಿನ ಹುಲ್ಲು ತೆನೆಗಟ್ಟುವ ಮುನ್ನ, ಅಂದರೆ ಅದರಲ್ಲಿ ಸತ್ವ ತುಂಬಿರುವ ಭಾದ್ರಪದದ ದಿನಗಳಲ್ಲಿ, ಮಳೆ ಕೊಯ್ಲಿಗೆ ಎಡೆಗೊಡುವುದಿಲ್ಲ; ಮಳೆ ಹಿಂದೆ ಸರಿದು ಕುಡುಗೋಲು ಹಿಡಿಯುವ ಕಾರ್ತಿಕದ ಹೊತ್ತಿಗೆ ಅದೇ ಹುಲ್ಲು ಬೀಜ ಉದುರಿಸಿ, ದಂಟು ನಾರಾಗಿ, ಹೊಟ್ಟೆ ತುಂಬಿಸುವುದಕ್ಕಷ್ಟೇ ಉಳಿದಿರುತ್ತದೆ. ಕುಸಳಿ ಎಂದು ಮರಾಠಿಗರು ಕರೆಯುವ ಹುಲ್ಲಿನಲ್ಲಂತೂ ಈ ತಡ ಇನ್ನೂ ದುಬಾರಿ, ಏಕೆಂದರೆ ಬಲಿತ ಮೇಲೆ ಅದರ ಈಟಿಮೊನೆಯಂಥ ಮುಳ್ಳುಗಳು ದನಗಳ ಬಾಯಿಗೇ ಚುಚ್ಚಿಕೊಳ್ಳುತ್ತವೆ. ಹುಲ್ಲನ್ನು ಹಸಿಯಾಗಿರುವಾಗಲೇ ಕೂಡಿಡುವ ವಿದ್ಯೆ ಇಂಥ ನಾಡಿನಲ್ಲಿ ಬೇಗ ಬೇರೂರಬೇಕಿತ್ತು. ಅದು ನೂರು ವರ್ಷ ತಡವಾಗಿ ಬೇರೂರಿತು, ಅದೂ ಹುಲ್ಲಿನ ರೂಪದಲ್ಲಲ್ಲ.

ಈ ವಿದ್ಯೆಯ ಫಲಕ್ಕೆ ಕನ್ನಡದಲ್ಲಿ ರಸಮೇವು ಎಂದೂ ಮರಾಠಿಯಲ್ಲಿ ಮುರಘಾಸ್ ಎಂದೂ ಹೆಸರು. ಕತ್ತರಿಸಿದ ಹಸಿಮೇವನ್ನು ಗುಂಡಿಯಲ್ಲೋ ಚೀಲದಲ್ಲೋ ಗಾಳಿಯಾಡದಂತೆ ತುಳಿದು ಮುಚ್ಚಿ, ಅದರಲ್ಲೇ ಇರುವ ಸೂಕ್ಷ್ಮಜೀವಿಗಳಿಂದ ಹುಳಿ ಬರಿಸಿ, ಆ ಹುಳಿಯ ಬಲದಿಂದಲೇ ಕೆಡದಂತೆ ಉಳಿಸಿದ ಮೇವು ಇದು. ಕನ್ನಡದ ಹೆಸರು ಆ ಮೇವಿನ ಗುಣವನ್ನು, ಅಂದರೆ ಬೇಸಗೆಯಲ್ಲೂ ರಸ ಉಳಿದಿರುವುದನ್ನು ಹೇಳಿದರೆ, ಮರಾಠಿಯ ಹೆಸರು ಅದು ಆಗುವ ಬಗೆಯನ್ನು ಹೇಳುತ್ತದೆ: 'ಮುರಣೆ' ಎಂದರೆ ಭರಣಿಯೊಳಗಿನ ಉಪ್ಪಿನಕಾಯಿಯಂತೆ ತನ್ನ ರಸದಲ್ಲೇ ನೆನೆದು, ಕಳಿತು, ಹದಕ್ಕೆ ಬರುವುದು. ಹಾಗೆ ಕಳಿಯಲು ಉಪ್ಪಿನಕಾಯಿಗೆ ಉಪ್ಪು ಬೇಕಾದಂತೆ ಹುಲ್ಲಿಗೆ ಬೇಕಾದದ್ದು ಸಕ್ಕರೆ. ಪುಣೆಯಲ್ಲಿ ಈ ಕಸುಬು ನಡೆದುಬಂದ ದಾರಿ ಆ ಸಕ್ಕರೆಯನ್ನು ಹುಡುಕಿಕೊಂಡು ಹೋದ ದಾರಿಯೂ ಹೌದು.

ಹುಲ್ಲನ್ನು ಸರಕಾರದ ಸ್ವತ್ತಾಗಿ ಕಾಪಾಡುವ ಪದ್ಧತಿ ಅಲ್ಲಿ ಬ್ರಿಟಿಷರಿಗಿಂತ ಹಳೆಯದು. ಮರಾಠಾ ಆಳ್ವಿಕೆಯಲ್ಲಿ ಕುದುರೆ ದಳದ ಮೇವಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳಿಗೆ ಕುರಣ ಎಂಬ ಹೆಸರಿತ್ತು. ಮೈಸೂರು ಸೀಮೆಯ ಅಮೃತಮಹಲಿನ ಕಾವಲುಗಳನ್ನು ಬಲ್ಲ ಕನ್ನಡ ಓದುಗರಿಗೆ ಈ ಏರ್ಪಾಡು ಅಪರಿಚಿತವಲ್ಲ. 1817ರ ನವೆಂಬರ್ 5ರಂದು ಖಡಕಿಯ ಯುದ್ಧದಲ್ಲಿ ಪೇಶ್ವೆಯ ಸೈನ್ಯ ಹಿಮ್ಮೆಟ್ಟಿದ ಮೇಲೆ ಅಲ್ಲೇ ದಂಡುಪ್ರದೇಶ ಬೆಳೆಯಿತು. ದಂಡಿನ ಕುದುರೆಗಳಿಗೆ ಹುಲ್ಲು ಕೊಯ್ದು ತರುವ ಘಸಿಯಾರರು, ಅಂದರೆ ಹುಲ್ಲು ಕೊಯ್ಯುವುದನ್ನೇ ಕಸುಬಾಗಿಸಿಕೊಂಡವರು, ಕುದುರೆಗಳ ಸಂಖ್ಯೆಗೆ ತಕ್ಕಂತೆ ನೇಮಕವಾಗುತ್ತಿದ್ದರು. ಖಡಕವಾಸಲಾ ಕೆರೆಯ ಕಾಲುವೆಗಳು ಹರಿದ ಮೇಲೆ ನಗರದ ಸುತ್ತ ಕುದುರೆ ಮಸಾಲೆ ಸೊಪ್ಪು ಬೆಳೆಯುವುದು ಲಾಭದ ಬೆಳೆಯಾಯಿತು. ಕನ್ನಡದ ಆ ಹೆಸರೇ ಸೊಪ್ಪು ಯಾರಿಗಾಗಿ ಬಂತೆಂಬುದನ್ನು ಹೇಳಿಬಿಡುತ್ತದೆ. ಮರಾಠಿಯಲ್ಲಿ ಅದಕ್ಕೆ ಲಸೂಣ್ ಘಾಸ್ ಎನ್ನುತ್ತಾರೆ. ಮುಂದೆ ಕೃಷಿ ವಿಜ್ಞಾನಿಗಳು ಅದರಿಂದ ಆಯ್ದು ತೆಗೆದ ತಳಿಗಳಿಗೆ ಪೂನಾ ಎಂಬ ಊರ ಹೆಸರೇ ಸೇರಿಕೊಂಡಿತು.

ದಂಡಿಗೆ ಹಾಲು ಬೇಕಾದದ್ದು ಇದರ ಮುಂದಿನ ಹೆಜ್ಜೆ. ಸೈನ್ಯದ ಮೊದಲ ಹೈನುಗಾರಿಕೆ ಫಾರ್ಮು 1889ರಲ್ಲಿ ಅಲಹಾಬಾದಿನಲ್ಲಿ ಆರಂಭವಾಗಿ, ಅದೇ ಮಾದರಿಯ ಮಿಲಿಟರಿ ಫಾರ್ಮುಗಳು ದೊಡ್ಡ ದಂಡುಗಳ ಬಳಿಯೆಲ್ಲ ಬಂದವು. ಪಿಂಪ್ರಿಯ ಫಾರ್ಮು ಪುಣೆ, ಖಡಕಿಗಳ ಪಾಲಿನದು. ವಿಸ್ತಾರವಾದ ಹುಲ್ಲುಗಾವಲು, ಸಂಬಳದ ಆಳುಗಳು, ಗುಂಡಿ ತೋಡಿಸಲು ಸರಕಾರದ ಹಣ ಮೂರೂ ಕೈಯಲ್ಲಿದ್ದ ಇಂಥ ಫಾರ್ಮುಗಳೇ ರಸಮೇವಿಗೆ ಹೇಳಿಮಾಡಿಸಿದ ನೆಲೆಗಳಾಗಿದ್ದವು. ಯುರೋಪಿನಲ್ಲಿಯೂ ಈ ವಿದ್ಯೆ ಆಗಿನ್ನೂ ಹೊಸದು: ಫ್ರಾನ್ಸಿನ ಜಮೀನುದಾರ ಆಗಸ್ಟ್ ಗೊಫಾರ್ ಅದನ್ನು ಕುರಿತ ತನ್ನ ಪುಸ್ತಕವನ್ನು ಪ್ರಕಟಿಸಿದ್ದು 1877ರಲ್ಲಿ, ದಖ್ಖನ್ ಸೀಮೆ 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ದನಕರುಗಳನ್ನು ಕಳೆದುಕೊಳ್ಳುತ್ತಿದ್ದ ಹೊತ್ತಿಗೆ. ಗೊಫಾರನ ಪುಸ್ತಕ ಮುಖ್ಯವಾಗಿ ಹುಲ್ಲನ್ನು ಕುರಿತದ್ದಲ್ಲ, ಹಸಿ ಮೆಕ್ಕೆಜೋಳವನ್ನು ಕುರಿತದ್ದು ಎಂಬುದನ್ನು ಇಲ್ಲಿ ಗುರುತು ಹಾಕಿಡಬೇಕು.

ಊರಿನ ರೈತನ ಮಟ್ಟಿಗೆ ಇವೆಲ್ಲ ಬೇಲಿಯಾಚೆಗಿನ ಸಂಗತಿಗಳಾಗಿದ್ದವು. ಅವನ ಎತ್ತಿನ ಮೇವು ಜೋಳದ ದಂಟು. ಮರಾಠಿಯಲ್ಲಿ ಕಡಬಾ, ವಿಜಯಪುರ, ಧಾರವಾಡಗಳ ಕನ್ನಡದಲ್ಲಿ ಕಣಿಕೆ. ಹಿಂಗಾರಿ ಜೋಳ ಕೊಯ್ಯುವ ಕಾಲದಲ್ಲಿ ಮಳೆಯ ಭಯವಿಲ್ಲದ ಕಾರಣ ಕಣಿಕೆ ತಾನಾಗಿ ಒಣಗಿ ಬಣವೆ ಸೇರುತ್ತಿತ್ತು, ಬೆಳೆದ ಕಾಳು ಮನೆಗೂ ದಂಟು ಕೊಟ್ಟಿಗೆಗೂ ಹೋಗುತ್ತಿತ್ತು, ಮೇವಿಗೆಂದು ಬೇರೆ ನೆಲವನ್ನಾಗಲಿ ಬೇರೆ ದುಡಿಮೆಯನ್ನಾಗಲಿ ತೆಗೆದಿಡಬೇಕಾಗಿರಲಿಲ್ಲ. 1907ರಲ್ಲಿ ಪುಣೆಯ ಕೃಷಿ ಕಾಲೇಜಿನ ಪ್ರಾಂಶುಪಾಲರಾಗಿ ಬಂದ ರಸಾಯನಶಾಸ್ತ್ರಜ್ಞ ಹ್ಯಾರಲ್ಡ್ ಮ್ಯಾನ್ ಪಶ್ಚಿಮ ಭಾರತದ ಮೇವಿನ ಬೆಳೆಗಳನ್ನು ಅಭ್ಯಾಸ ಮಾಡಿದವರು. ಅವರೇ ನಗರದ ಹತ್ತಿರದ ಪಿಂಪಳೆ ಸೌದಾಗರ್ ಎಂಬ ಹಳ್ಳಿಯನ್ನು ಮನೆಮನೆಗೆ ಹೋಗಿ ಪರಿಶೀಲಿಸಿ 1917ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 1771ರಲ್ಲಿ ಸರಾಸರಿ 40 ಎಕರೆಯಿದ್ದ ಹಿಡುವಳಿ 1915ರ ಹೊತ್ತಿಗೆ 7 ಎಕರೆಗೆ ಕುಗ್ಗಿತ್ತು. ಏಳು ಎಕರೆಯಲ್ಲಿ ಮನೆಮಂದಿಯ ಹೊಟ್ಟೆಗೂ ಸಾಲದ ಕಂತಿಗೂ ಬೆಳೆಯಬೇಕಾದವನು ಹುಲ್ಲಿಗಾಗಿ ಹತ್ತಡಿ ಆಳದ ಗುಂಡಿ ತೋಡಲಿಲ್ಲವೆಂದರೆ ಅದನ್ನು ಅಜ್ಞಾನವೆಂದು ಕರೆಯುವುದು ಸರಿಯಲ್ಲ.

ಗುಂಡಿಯೊಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ತೊಡಕು ಎಲ್ಲಿತ್ತೆಂಬುದು ತಿಳಿಯುತ್ತದೆ. ಎರಡು ಮೂರು ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿದ ಮೇವು ಗುಂಡಿಗೆ ಬಿದ್ದ ಮೇಲೂ ಉಸಿರಾಡುತ್ತಲೇ ಇರುತ್ತದೆ. ಒಳಗುಳಿದ ಗಾಳಿ ತೀರುವವರೆಗೆ ಅದು ಬಿಸಿಯಾಗುತ್ತದೆ. ಗಾಳಿ ತೀರಿದೊಡನೆ ಎಲೆಗಳ ಮೇಲಿದ್ದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು, ಅಂದರೆ ಹಾಲನ್ನು ಮೊಸರಾಗಿಸುವ ಬಳಗಕ್ಕೆ ಸೇರಿದ ಜೀವಿಗಳು, ಮೇವಿನ ರಸದಲ್ಲಿ ಕರಗಿರುವ ಸಕ್ಕರೆಯನ್ನು ತಿಂದು ಹುಳಿ ಬಿಡತೊಡಗುತ್ತವೆ. ಹುಳಿಯ ಅಳತೆಯಾದ ಪಿಎಚ್ 4ರ ಸುಮಾರಿಗೆ ಬೇಗ ಇಳಿದರೆ ಬೇರೆ ಯಾವ ಜೀವಿಯೂ ಅಲ್ಲಿ ತಲೆಯೆತ್ತದೆ, ಸುಮಾರು 45 ದಿನಗಳಲ್ಲಿ ಮೇವು ಹೊಂಬಣ್ಣ ಬೆರೆತ ಹಸಿರಾಗಿ ಹಣ್ಣಿನಂಥ ಹುಳಿವಾಸನೆ ಬೀರುತ್ತದೆ. ಸಕ್ಕರೆ ಸಾಲದೆ ಹುಳಿ ಅರ್ಧಕ್ಕೇ ನಿಂತರೆ ಕ್ಲಾಸ್ಟ್ರಿಡಿಯಾ ಎಂಬ ಬೇರೊಂದು ಬ್ಯಾಕ್ಟೀರಿಯಾ ಕುಲ ಮೇಲುಗೈ ಪಡೆದು, ಲ್ಯಾಕ್ಟಿಕ್ ಆಮ್ಲವನ್ನು ಬ್ಯುಟಿರಿಕ್ ಆಮ್ಲವಾಗಿ ಮಾರ್ಪಡಿಸಿ, ಸಸಾರಜನಕವನ್ನು ಅಮೋನಿಯಾ ಮಾಡಿ, ಗುಂಡಿ ತೆರೆದಾಗ ಮುಗ್ಗಿದ ಬೆಣ್ಣೆಯ ನಾತ ಬಡಿಯುವ ಲೋಳೆಯನ್ನು ಉಳಿಸುತ್ತದೆ. ಇಂಗ್ಲೆಂಡಿನ ರೈಗ್ರಾಸಿನಂಥ ತಂಪು ನಾಡಿನ ಹುಲ್ಲುಗಳು ಕರಗುವ ಸಕ್ಕರೆಯನ್ನು ದಂಟಿನಲ್ಲಿ ಕೂಡಿಟ್ಟುಕೊಂಡರೆ, ದಖ್ಖನಿನಂಥ ಬಿಸಿನಾಡಿನ ಹುಲ್ಲುಗಳು ಅದನ್ನು ಪಿಷ್ಟವಾಗಿ ಎಲೆಯಲ್ಲಿ ಇಟ್ಟುಕೊಳ್ಳುತ್ತವೆ. ಆ ಪಿಷ್ಟಕ್ಕೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಸುಲಭವಾಗಿ ಬಾಯಿ ಹಾಕಲಾರವು. ಕುದುರೆ ಮಸಾಲೆಯದು ಇನ್ನೂ ಹಟದ ಸ್ವಭಾವ, ಅದರ ಖನಿಜಗಳೂ ಸಸಾರಜನಕವೂ ಸೇರಿ ಹುಟ್ಟಿದ ಹುಳಿಯನ್ನು ಅಲ್ಲಲ್ಲೇ ಮುರಿಯುತ್ತವೆ. ಯುರೋಪಿನ ಕೈಪಿಡಿಯನ್ನು ಅಕ್ಷರಶಃ ಪಾಲಿಸಿದರೂ ಪುಣೆಯ ಹುಲ್ಲು ಹಾಗೆಯೇ ಹದಕ್ಕೆ ಬರುವ ಭರವಸೆ ಇರಲಿಲ್ಲ.

ಸೇರ್ಪಡೆಗಳ, ಅಂದರೆ ಹುಳಿಯನ್ನು ದಾರಿಗೆ ತರಲು ಮೇವಿನೊಡನೆ ಬೆರೆಸುವ ಪದಾರ್ಥಗಳ ಇತಿಹಾಸ ಆರಂಭವಾಗುವುದು ಇಲ್ಲಿಂದ. ಬ್ಯಾಕ್ಟೀರಿಯಾಗಳಿಗಾಗಿ ಕಾಯದೆ ಹುಳಿಯನ್ನೇ ನೇರವಾಗಿ ಸುರಿಯುವುದು ಒಂದು ದಾರಿ. ಫಿನ್ಲೆಂಡಿನ ಆರ್ತುರಿ ವಿರ್ತನೆನ್ ಹೈಡ್ರೋಕ್ಲೋರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣವನ್ನು ಹಸಿ ಹುಲ್ಲಿಗೆ ಸಿಂಪಡಿಸಿ ಪಿಎಚ್ ಅನ್ನು ಒಮ್ಮೆಗೇ 4ರ ಕೆಳಗಿಳಿಸುವ ವಿಧಾನವನ್ನು ರೂಪಿಸಿದರು, ಅದಕ್ಕಾಗಿ ಮುಖ್ಯವಾಗಿ 1945ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವನ್ನೂ ಪಡೆದರು. ದನದ ಮೇವಿಗೆ ಸಂದ ನೊಬೆಲ್ ಎಂದರೆ ತಪ್ಪಾಗದು. ಆದರೆ ಬರಿಗಾಲಿನಲ್ಲಿ ಗುಂಡಿ ತುಳಿಯುವ ನಾಡಿಗೆ ಸಲ್ಫ್ಯೂರಿಕ್ ಆಮ್ಲದ ವಿದ್ಯೆ ಹೊಂದುವಂಥದ್ದಲ್ಲ. ಎರಡನೆಯ ದಾರಿ ಸಕ್ಕರೆಯ ಕೊರತೆಯನ್ನು ಹೊರಗಿನಿಂದ ತುಂಬಿಕೊಡುವುದು: ಟನ್ ಹುಲ್ಲಿಗೆ 20ರಿಂದ 40 ಕಿಲೋ ಕಾಕಂಬಿಯನ್ನು, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವನ್ನು, ನೀರಿನಲ್ಲಿ ಕದಡಿ ಪದರ ಪದರವಾಗಿ ಚಿಮುಕಿಸುವುದು. ಕಬ್ಬಿನ ನಾಡಿಗೆ ಇದಕ್ಕಿಂತ ಹೊಂದುವ ಉಪಾಯ ಇರಲಾರದು ಎನಿಸುತ್ತದೆ.

ಇಲ್ಲಿಯೇ ಚರಿತ್ರೆ ಒಂದು ವಿಚಿತ್ರ ತಿರುವು ಪಡೆಯಿತು. ನೀರಾ ಕಾಲುವೆಯ ಬಯಲಿನಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಗಳು ಒಂದರ ಹಿಂದೊಂದು ತಲೆಯೆತ್ತಿ ಕಾಕಂಬಿ ಹೊಳೆಯಾಗಿ ಹರಿಯತೊಡಗಿದ ಕಾಲದಲ್ಲೇ, ಅದು ರೈತನ ಕೈಗೆ ಸಿಗದ ವಸ್ತುವಾಯಿತು. ಕಾಕಂಬಿಯಿಂದ ಸಾರಾಯಿ ಬರುತ್ತದೆ. ಆದ್ದರಿಂದ 1949ರ ಮುಂಬಯಿ ಪಾನನಿರೋಧ ಕಾನೂನು ಅದನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು, ಅದರ ದಾಸ್ತಾನಿಗೂ ಸಾಗಣೆಗೂ ಪರವಾನಗಿ ಬೇಕಾಯಿತು, 1961ರ ಕೇಂದ್ರದ ಕಾಕಂಬಿ ನಿಯಂತ್ರಣ ಆದೇಶ ಬೆಲೆ, ಹಂಚಿಕೆಗಳನ್ನೂ ಸರಕಾರದ ವಶಕ್ಕೆ ಕೊಟ್ಟಿತು. ಕೇಂದ್ರದ ಆ ನಿಯಂತ್ರಣ ಸಡಿಲಗೊಂಡದ್ದು 1993ರಲ್ಲಿ. ನಾಲ್ಕು ಹಸುಗಳ ಒಡೆಯ ಎರಡು ಡಬ್ಬಿ ಕಪ್ಪು ಪಾಕಕ್ಕಾಗಿ ಅಬಕಾರಿ ಕಚೇರಿಯ ಮೆಟ್ಟಿಲು ಹತ್ತುವುದು ಊಹೆಗೂ ನಿಲುಕದ ಮಾತು. ಬದಲಿಗೆ ಬೆಲ್ಲ ಬಳಸಬಹುದಿತ್ತು, ಬಳಸಿದವರೂ ಉಂಟು. ಆದರೆ ಮನೆಮಂದಿ ತಿನ್ನುವ ಬೆಲ್ಲವನ್ನು ಹುಲ್ಲಿಗೆ ಸುರಿಯುವಾಗ ಕೈ ಹಿಂಜರಿಯದೆ ಇರದು. ಪ್ರಯೋಗಶಾಲೆಯಲ್ಲಿ ಗೆದ್ದ ಸೇರ್ಪಡೆ ಊರಿನಲ್ಲಿ ಸೋಲಲು ಬಹುಮಟ್ಟಿಗೆ ಈ ಕಾನೂನಿನ ಬೇಲಿಯೇ ಕಾರಣವೆಂದು ತೋರುತ್ತದೆ.

ಮೇವಿನ ಬೇಡಿಕೆಯ ಸ್ವರೂಪವನ್ನೇ ಬದಲಿಸಿದ ಊರು ಉರುಳಿಕಾಂಚನ, ಪುಣೆಯಿಂದ ಪೂರ್ವಕ್ಕೆ ಸೊಲ್ಲಾಪುರದ ದಾರಿಯಲ್ಲಿರುವಂಥದು. ಗಾಂಧೀಜಿ 1946ರಲ್ಲಿ ಅಲ್ಲಿ ನಿಸರ್ಗೋಪಚಾರ ಆಶ್ರಮವನ್ನು ಸ್ಥಾಪಿಸಿ ಅದರ ಹೊಣೆಯನ್ನು ಮಣಿಭಾಯಿ ದೇಸಾಯಿಯವರಿಗೆ ವಹಿಸಿದರು. ಅದಕ್ಕೆ ಹತ್ತೊಂಬತ್ತು ವರ್ಷ ಮೊದಲು, 1927ರಲ್ಲಿ, ವಿಶ್ರಾಂತಿಗೆಂದು ಬೆಂಗಳೂರಿನಲ್ಲಿದ್ದಾಗ ಗಾಂಧೀಜಿ ಅಲ್ಲಿನ ಇಂಪೀರಿಯಲ್ ಡೈರಿ ಸಂಸ್ಥೆಗೆ ಹೋಗಿ ದನ ಸಾಕುವ ವಿದ್ಯೆಯನ್ನು ಆಸಕ್ತಿಯಿಂದ ತಿಳಿದುಕೊಂಡಿದ್ದರೆಂಬುದು ನೆನಪಿಡಬೇಕಾದ ಸಂಗತಿ. ಮಣಿಭಾಯಿ 1967ರಲ್ಲಿ ಕಟ್ಟಿದ ಭಾರತೀಯ ಆಗ್ರೋ ಇಂಡಸ್ಟ್ರೀಸ್ ಫೌಂಡೇಶನ್, ಜನರ ಬಾಯಲ್ಲಿ ಬಾಯ್ಫ್, ಕೃತಕ ಗರ್ಭಧಾರಣೆಯನ್ನು ರೈತನ ಮನೆಬಾಗಿಲಿಗೆ ಒಯ್ದು ಜರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಗಳನ್ನು ಹರಡಿತು. ಅದರ ಕರ್ನಾಟಕದ ಶಾಖೆ ತಿಪಟೂರಿನಲ್ಲಿ ನೆಲೆಯೂರಿ ತೆಂಗಿನ ಸೀಮೆಯ ರೈತರಿಗೂ ಅದೇ ಕೆಲಸವನ್ನು ಮುಟ್ಟಿಸಿತು. ಕಣಿಕೆ ತಿಂದು ನೇಗಿಲೆಳೆಯುವ ಖಿಲಾರಿ ಎತ್ತಿನಂತಲ್ಲ ಮಿಶ್ರತಳಿಯ ಹಸು. ಹಸಿಮೇವು ತಪ್ಪಿದ ವಾರದಲ್ಲೇ ಅದರ ಹಾಲು ಇಳಿಯುತ್ತದೆ, ಡೈರಿಯ ಪಾಸ್‌ಬುಕ್ಕಿನಲ್ಲಿ ಆ ಇಳಿತ ಅಂಕಿಯಾಗಿ ಕಾಣುತ್ತದೆ. ಸಜ್ಜೆ ಮತ್ತು ನೇಪಿಯರ್ ಹುಲ್ಲುಗಳ ಸಂಕರದಿಂದ ಉರುಳಿಕಾಂಚನದಲ್ಲಿ ರೂಪುಗೊಂಡ ಬಿ.ಎನ್.ಎಚ್.-10 ಎಂಬ ತಳಿ ಈ ಅಗತ್ಯಕ್ಕೆ ಕೊಟ್ಟ ಉತ್ತರಗಳಲ್ಲೊಂದು. ವರ್ಷದಲ್ಲಿ ಹಲವು ಕೊಯ್ಲು ಕೊಡುವ ಈ ಹುಲ್ಲು ಮಳೆಗಾಲದಲ್ಲಿ ತಿಂದು ತೀರದಷ್ಟು ಬೆಳೆಯುತ್ತದೆ, ಬೇಸಗೆಯಲ್ಲಿ ನೀರಿಲ್ಲದೆ ಸೊರಗುತ್ತದೆ. ಕೂಡಿಡುವ ಪ್ರಶ್ನೆ ಮತ್ತೆ ಎದುರಾಯಿತು, ಜೊತೆಗೆ ಹಳೆಯ ತೊಡಕೂ ಬಂತು, ಏಕೆಂದರೆ ಎಳೆಯ ನೇಪಿಯರಿನಲ್ಲಿ ನೂರಕ್ಕೆ ಎಂಬತ್ತು ಪಾಲು ನೀರು, ಸಕ್ಕರೆ ಅಲ್ಪ.

ಮೇವಿನಲ್ಲಿ ನೀರು ಹೆಚ್ಚಿದೆಯೇ ಎಂದು ತಿಳಿಯಲು ರೈತರು ಬಳಸುವ ಪರೀಕ್ಷೆ ಮುಷ್ಟಿಯದು. ಕತ್ತರಿಸಿದ ಮೇವನ್ನು ಅರ್ಧ ನಿಮಿಷ ಮುಷ್ಟಿಯಲ್ಲಿ ಬಿಗಿಹಿಡಿದು ಬಿಟ್ಟಾಗ ಬೆರಳ ಸಂದಿನಿಂದ ರಸ ತೊಟ್ಟಿಕ್ಕಿದರೆ ಇನ್ನೊಂದು ಹೊತ್ತು ಬಿಸಿಲಿಗೆ ಬಾಡಬೇಕು, ಉಂಡೆ ಒಮ್ಮೆಗೇ ಸಿಡಿದು ಬಿಚ್ಚಿಕೊಂಡರೆ ಹದ ಮೀರಿದೆ, ಅಂಗೈ ತೇವವಾಗಿ ಉಂಡೆ ನಿಧಾನವಾಗಿ ಅರಳಿದರೆ ಗುಂಡಿಗೆ ಹಾಕಬಹುದು. ಬಾಡಿಸುವುದೆಂದರೆ ನೀರು ಕಳೆದು ಇರುವ ಸಕ್ಕರೆಯನ್ನೇ ಗಟ್ಟಿಮಾಡುವುದು. ಹಣ ಬೇಡದ ಈ ಉಪಾಯವನ್ನು ಸೇರ್ಪಡೆಗಳ ಪಟ್ಟಿಯ ತಲೆಯಲ್ಲೇ ಬರೆಯಬೇಕು. ಇದಕ್ಕೆ ವಿರುದ್ಧವಾಗಿ, ಮೇವು ಯಾವುದೆಂದು ನೋಡದೆ ಎಲ್ಲಕ್ಕೂ ಯೂರಿಯಾ ಬೆರೆಸುವ ರೂಢಿಯನ್ನು ಒಪ್ಪುವುದು ಕಷ್ಟ. ಸಕ್ಕರೆ ತುಂಬಿದ, ಸಸಾರಜನಕ ಕಡಮೆಯಿರುವ ಮೆಕ್ಕೆಜೋಳಕ್ಕೆ ಟನ್ನಿಗೆ ಐದರಿಂದ ಹತ್ತು ಕಿಲೋ ಯೂರಿಯಾ ಪೂರಕವಾದೀತು, ಆದರೆ ಹುಳಿ ಬರಲೇ ಹೆಣಗುವ ಹುಲ್ಲಿನಲ್ಲಿ ಅದು ಅಮೋನಿಯಾ ಆಗಿ ಹುಟ್ಟಿದ ಚೂರು ಹುಳಿಯನ್ನೂ ನುಂಗುತ್ತದೆ.

ಕೊನೆಗೆ ಪುಣೆಯ ಹೈನುಗಾರರು ಹುಲ್ಲಿಗೆ ಸಕ್ಕರೆ ಬೆರೆಸುವುದನ್ನು ಬಿಟ್ಟು ಸಕ್ಕರೆಯನ್ನು ತನ್ನಲ್ಲೇ ಹೊತ್ತ ಬೆಳೆಗೆ ತಿರುಗಿದರು, ಗೊಫಾರ್ ತೊಡಗಿದಲ್ಲಿಗೇ ಬಂದು ಸೇರಿದಂತಾಯಿತು. ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ ಮೂಲಕ ಹರಡಿದ ಆಫ್ರಿಕನ್ ಟಾಲ್ ಎಂಬ ಎತ್ತರದ ಮೆಕ್ಕೆಜೋಳ, ಕಾಳು ಹಾಲುಗಟ್ಟಿ ಗಟ್ಟಿಯಾಗುವ ಹಂತದಲ್ಲಿ ಕೊಯ್ದರೆ, ಯಾವ ಸೇರ್ಪಡೆಯೂ ಇಲ್ಲದೆ ಹದಕ್ಕೆ ಬರುತ್ತದೆ. 2012–13ರ ಮತ್ತು 2018–19ರ ಬರಗಳಲ್ಲಿ ಮಹಾರಾಷ್ಟ್ರದ ಜಾನುವಾರುಗಳು ಮೇವಿನ ಶಿಬಿರಗಳಲ್ಲಿ ಕಬ್ಬಿನ ಮೇಲೆ ದಿನ ದೂಡಿದ ಮೇಲೆ, ಗುಂಡಿ ತೋಡಲು ಜಾಗವಿಲ್ಲದ ಸಣ್ಣ ರೈತರಿಗೂ ಒದಗುವ ಪ್ಲಾಸ್ಟಿಕ್ ಚೀಲದ ಮುರಘಾಸ್ ಬಾರಾಮತಿ, ಮಂಚರ್ ಕಡೆಯ ಸಂತೆಯ ಸರಕಾಯಿತು. ಹಸುವಿಲ್ಲದವನು ಬೆಳೆದು ಹೊಲವಿಲ್ಲದವನಿಗೆ ಕಿಲೋ ಲೆಕ್ಕದಲ್ಲಿ ಮಾರುವ ಮೇವಾಯಿತು. ದೇಶದ ಮಿಲಿಟರಿ ಫಾರ್ಮುಗಳು 2021ರ ಮಾರ್ಚ್ 31ರಂದು ವಿಧಿವತ್ತಾಗಿ ಮುಚ್ಚಿದವು. ಮ್ಯಾನ್ ಅಳೆದ ಪಿಂಪಳೆ ಸೌದಾಗರಿನ ಹೊಲಗಳ ಮೇಲೆ ಈಗ ಬಹುಮಹಡಿ ವಸತಿಗಳಿವೆ.

ಸೇರ್ಪಡೆ ಮಾತ್ರ ಬೇರೊಂದು ವೇಷದಲ್ಲಿ ಮರಳಿದೆ. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಮೊದಲಾದ ಆಯ್ದ ಬ್ಯಾಕ್ಟೀರಿಯಾಗಳನ್ನು ಒಣಗಿಸಿ ಪುಡಿಮಾಡಿದ 'ಕಲ್ಚರ್' ಪೊಟ್ಟಣಗಳು ಕೃಷಿ ಸೇವಾ ಕೇಂದ್ರಗಳಲ್ಲಿ ಬಿತ್ತನೆಬೀಜದ ಪಕ್ಕದಲ್ಲೇ ಸಿಗುತ್ತವೆ, ಮೊಸರಿಗೆ ಹೆಪ್ಪು ಹಾಕುವ ಹಾಗೆ ಅವನ್ನು ಪದರಗಳ ನಡುವೆ ಚಿಮುಕಿಸುತ್ತಾರೆ. ಆದರೆ ಪುಡಿಯನ್ನು ನೇರವಾಗಿ ಮೇವಿನ ಮೇಲೆ ಎರಚುವ ವಾಡಿಕೆಯಿಲ್ಲ. ನಿದ್ದೆ ಹೋದ ಬ್ಯಾಕ್ಟೀರಿಯಾಗಳು ಎಚ್ಚರಗೊಳ್ಳಲೆಂದು ಅದನ್ನು ಕೆಲವು ತಾಸು ಮೊದಲೇ ಬಕೆಟ್ಟಿನಲ್ಲಿ ನೆನೆಹಾಕುತ್ತಾರೆ, ಬೆಲ್ಲದ ನೀರಿನಲ್ಲಿ.